ಔಷಧಿ ಹೊಡೆಯದ ಸಾಲು

ತ್ಸು, 14 ಅಕ್ಟೋಬರ್ 1961

ಅಕ್ಕಾ,

ಇಲ್ಲಿ ಸೆಕೆ ಕಳೆಯಿತು. ಬೆಳಿಗ್ಗೆ ಹೊದಿಕೆ ಬಿಟ್ಟು ಏಳಲು ಮನಸ್ಸಾಗುವುದಿಲ್ಲ. ನೀವು ತೊಸಾ ಕರಾವಳಿಯವರು ಇನ್ನೂ ಬೆವರುತ್ತಿದ್ದೀರೇನೋ.

ಒಂದು ಸುದ್ದಿ ಇದೆ. ಇಷ್ಟು ವರ್ಷ ಬೇರೆಯವರ ಮೂಲಂಗಿ ತೊಳೆದು ತೂಗಿದ್ದಾಯಿತು. ಕೊನೆಗೂ ಪ್ರಯೋಗ ಕೇಂದ್ರದಲ್ಲಿ ನನಗೆ ನನ್ನದೇ ಕೆಲಸ ಕೊಟ್ಟಿದ್ದಾರೆ. ನಮ್ಮ ಮುಖ್ಯಸ್ಥರು ಕರೆದು, "ನಿಮ್ಮೂರು ಬದನೆ ಊರಲ್ವೇನಯ್ಯಾ? ಹಾಗಾದ್ರೆ ಈ ಕೆಂಪು ನುಸಿ ಪೀಡೆ ನಿನಗೇ ಇರಲಿ" ಅಂದರು. ದೇಶದ ಮೂಲೆ ಮೂಲೆಯಿಂದ ಬದನೆ ತಳಿಗಳನ್ನು ತರಿಸಿ ಸಾಲಾಗಿ ನೆಡುವುದು, ಎಲ್ಲದರ ಮೇಲೂ ಒಂದೇ ಸಮ ನುಸಿ ಬಿಡುವುದು, ಯಾವುದು ಒಣಗುತ್ತದೆ, ಯಾವುದು ತಡೆದುಕೊಳ್ಳುತ್ತದೆ ಎಂದು ಹೋಲಿಸಿ ನೋಡುವುದು. ಜೊತೆಯವರು ನನ್ನನ್ನು ನುಸಿ ಸಾಕುವವನು ಎಂದು ಕರೆಯುತ್ತಾರೆ. ದಿನವಿಡೀ ಭೂತಗನ್ನಡಿ ಹಿಡಿದು ಕೂತು ಕೂತು, ಸಂಜೆ ಬಟ್ಟಲಿನ ಅನ್ನವೂ ಹರಿದಾಡುತ್ತಿರುವಂತೆ ಕಾಣುತ್ತದೆ.

ಭಾವನಿಗೆ ಹೇಳಿದರೆ "ಪುಸ್ತಕದ ಬದನೆಕಾಯಿ" ಎಂದೇ ನಗುತ್ತಾರೆ. ನಗಲಿ ಬಿಡು. ನುಸಿ ಮೆಟ್ಟದ ಒಂದೇ ಒಂದು ತಳಿ ಸಿಕ್ಕಿತೆಂದರೆ, ನುಸಿಗೆ ಹೊಡೆಯುವ ಆ ಕೆಂಪು ಪಟ್ಟಿಯ ವಿಷದ ಶೀಸೆ ನಿಮ್ಮ ಅಂಗಳಕ್ಕೇ ಬರಬೇಕಾಗಿಲ್ಲ. ನಾನು ಈ ಕೆಲಸಕ್ಕೆ ಹೂಂ ಅಂದಿದ್ದು ಅದಕ್ಕೇ.

ಇನ್ನೊಂದು ಮಾತು. ಫುಸಾ ತನ್ನ ಶಾಲೆಯ ಪ್ರವಾಸದ ಕಾರ್ಡಿನಲ್ಲಿ, ಬರೆಯಲೋ ಬೇಡವೋ ಎಂಬಂತೆ, ಒಂದು ಸಾಲು ಸೇರಿಸಿದ್ದಾಳೆ. "ಅಪ್ಪ ಏಪ್ರಿಲಿನಲ್ಲಿ ಬದನೆಯ ಪ್ಲಾಸ್ಟಿಕ್ ಚಪ್ಪರದೊಳಗೆ ಬಿದ್ದಿದ್ದರು, ಈಗ ಪರವಾಗಿಲ್ಲ." ಆಮೇಲೆ ನಿನ್ನಿಂದ ಎರಡು ಕಾಗದ ಬಂದಿವೆ. ಎರಡರಲ್ಲೂ ಆ ಮಾತೇ ಇಲ್ಲ. ಭಾವ ಹೇಗೆ ಬಿದ್ದರು? ಔಷಧಿ ಹೊಡೆಯುವಾಗಲೇ?

ನಿನ್ನ ತಮ್ಮ
ಸೇಗೊ

•

ಕಾಮಿನೊಹಾಮಾ, 9 ನವೆಂಬರ್ 1961

ಸೇಗೊ,

ಪೋಸ್ಟಿನವನು ನಿನ್ನ ಕಾಗದ ಕೊಟ್ಟಾಗ ನಾನು ಕಾಯಿ ಕೊಯ್ಯುತ್ತಿದ್ದೆ. ಕೈತುಂಬ ಬದನೆ ಮುಳ್ಳು. ಫುಸಾ ಓದಿ ಹೇಳಿದಳು. ತಾನು ಬರೆದ ಸಾಲಿನ ಹತ್ತಿರ ಬಂದಾಗ ಸುಮ್ಮಸುಮ್ಮನೆ ಕೆಮ್ಮಿದಳು. ಚೆನ್ನಾಗಿ ಬೈದಿದ್ದೇನೆ.

ಭಾವನಿಗೆ ಏನೂ ಆಗಿಲ್ಲ. ಚೆರ್ರಿ ಹೂ ನೋಡಲು ಹೋಗಿ ಕುಡಿದ ಸಾಕೆ ಇಳಿದಿರಲಿಲ್ಲ. ಒಳಗೆ ಹಬೆಯಂಥ ಸೆಕೆ, ತಲೆ ತಿರುಗಿತು, ಬಿದ್ದರು. ಅಷ್ಟೇ. "ಗಿಡದ ಮೇಲೆ ಬೀಳದೆ ದಾರಿ ಮೇಲೆ ಬಿದ್ದೆನಲ್ಲಾ, ನನ್ನ ಜಾಣತನ ನೋಡು" ಅಂದರು. ಈಗೀಗ ಕಡ್ಡಿಯಲ್ಲಿ ಅನ್ನ ಎತ್ತುವಾಗ ಬೆರಳು ಸ್ವಲ್ಪ ನಡುಗುತ್ತದೆ. ಐವತ್ತು ಹತ್ತಿರವಾಯಿತಲ್ಲ. ಅದಕ್ಕೇ ಈ ವರ್ಷದಿಂದ ಔಷಧಿ ಹೊಡೆಯುವ ಕೊಳವೆ ನಾನೇ ಹಿಡಿಯುತ್ತಿದ್ದೇನೆ. ಅವರು ಹೊರಗೆ ನಿಂತು ಪಂಪು ಒತ್ತುತ್ತಾರೆ. ನನ್ನ ಕೈ ನಿಧಾನ, ಎಲೆಯ ಹಿಂಬದಿಗೂ ಸರಿಯಾಗಿ ತಗಲುತ್ತದೆ ಎಂದು ಪಕ್ಕದ ಚಪ್ಪರದ ಮಾಸುಯೊ ಕೂಡ ಹೊಗಳಿದಳು.

ನಿನ್ನ ಹೊಸ ಕೆಲಸದ ವಿಷಯ ಊಟದ ಹೊತ್ತಿಗೆ ಹೇಳಿದೆ. ನೀನು ಬರೆದ ಹಾಗೇ ಆಯಿತು. "ಪುಸ್ತಕದ ಬದನೆಕಾಯಿ!" ಅಂದರು. ಆಮೇಲೆ ಇನ್ನೊಂದು ಬಟ್ಟಲು ಮಿಸೊ ಸಾರು ಕೇಳಿ, "ನಮ್ಮ ಹುಡುಗ ಸರ್ಕಾರಿ ಹೊಲದಲ್ಲಿ ಬದನೆ ಇಟ್ಟಿದ್ದಾನಂತೆ" ಎಂದು ಮಾಸುಯೊ ಗಂಡನಿಗೆ ಬೇಲಿಯಾಚೆಯಿಂದಲೇ ಕೂಗಿ ಹೇಳಿದರು. ಫುಸಾ ಓದುವಾಗಲೇ ಅವನಿಗೆ ಅದು ಗೊತ್ತಾಗಿತ್ತು. ಪಾಪ, ಇನ್ನೊಂದು ಸಲ ಕೇಳಿಸಿಕೊಂಡ.

ನುಸಿ ಈ ಸಲವೂ ಜೋರು. ಎಲೆ ಮೇಲೆ ಹಿಟ್ಟು ಉದುರಿಸಿದ ಹಾಗೆ ಬಿಳಿಚುತ್ತದೆ, ನಾಲ್ಕು ದಿನ ಬಿಟ್ಟರೆ ಬಲೆ ಕಟ್ಟುತ್ತದೆ. ಔಷಧಿಯಲ್ಲೇ ಸ್ನಾನ ಮಾಡಿಕೊಂಡು ಮತ್ತೆ ಬರುತ್ತವೆ.

ಯೂಜು ಹಣ್ಣು, ಒಣಗಿಸಿದ ಬೊನಿಟೊ ಮೀನು ಕಳಿಸಿದ್ದೇನೆ. ಮದುವೆ ವಿಷಯ ನೀನು ಬರೆಯುವುದಿಲ್ಲ, ನಾನೂ ಕೇಳುವುದಿಲ್ಲ. ನುಸಿ ಸಾಕುವವನಿಗೆ ಯಾರು ಹೆಣ್ಣು ಕೊಡುತ್ತಾರೆ?

ಅಕ್ಕ
ಶಿಗೆನೊ

•

ತ್ಸು, 3 ಆಗಸ್ಟ್ 1962

ಅಕ್ಕಾ,

ಈ ಕಾಗದದ ಜೊತೆ ಒಂದು ಚಿಕ್ಕ ಪೊಟ್ಟಣ ಇದೆ. ಕೆಳಗೆ ಬೀಳಿಸಬೇಡ. ಮೊದಲು ಅದನ್ನು ಬುದ್ಧನ ಗೂಡಿನ ಹತ್ತಿರ ಇಟ್ಟು, ಕೈ ತೊಳೆದುಕೊಂಡು ಬಂದು ಓದು.

ಕಳೆದ ಚಳಿಗಾಲದಲ್ಲಿ ಹೋಲಿಸಿದ ತಳಿಗಳೆಲ್ಲ ಒಂದರ ಹಿಂದೊಂದು ಒಣಗಿದವು. ಉದ್ದ ಕಾಯಿ, ಗುಂಡು ಕಾಯಿ, ಬಿಳಿ ಕಾಯಿ, ಯಾವುದಕ್ಕೂ ನುಸಿ ಭೇದ ಮಾಡಲಿಲ್ಲ. ಕ್ಯೂಶು ಬೆಟ್ಟದ ಒಂದು ಊರಿನಿಂದ ಬಂದ ಹಳೆಯ ತಳಿ ಒಂದು ಮಾತ್ರ ನಿಂತಿತು. ಕಾಯಿ ಗಿಡ್ಡ, ಸಿಪ್ಪೆ ಗಟ್ಟಿ, ತಿಂದರೆ ಕಹಿ. ಎಲೆಯ ಹಿಂಬದಿ ಬೆಕ್ಕಿನ ನಾಲಿಗೆಯಂತೆ ತರಿತರಿ. ಬೇರೆ ಎಲೆಗಳ ಮೇಲೆ ನುಸಿ ಬಂದ ತಕ್ಷಣ ಮನೆ ಹೂಡಿ ಮೊಟ್ಟೆ ಇಡುತ್ತದೆ. ಇದರ ಮೇಲೆ ಬಿಟ್ಟರೆ ಕಾಲೂರಲು ಜಾಗ ಹುಡುಕುತ್ತ ಅಲೆದು ಅಲೆದು ಅಂಚಿನಿಂದ ಕೆಳಗೆ ಬೀಳುತ್ತದೆ. ಅದು ಬೀಳುವುದನ್ನು ಮೊದಲ ಸಲ ನೋಡಿದಾಗ ನಾನು ಜೋರಾಗಿ ಕೂಗಿದೆನಂತೆ. ಮುಖ್ಯಸ್ಥರು ಹಾವು ಬಂತೇನೋ ಎಂದು ಓಡಿ ಬಂದರು.

ಅದನ್ನು ಮಾರುಕಟ್ಟೆಯ ಬದನೆಯ ಜೊತೆ ಬೆರಕೆ ಮಾಡಿದ್ದೇನೆ. ಆ ಬೀಜವೇ ಈ ಪೊಟ್ಟಣದಲ್ಲಿರುವುದು. ಕೇಂದ್ರದಲ್ಲಿ ಒಂದು ಸಾಲು ಹಾಕುತ್ತೇನೆ. ರೈತರ ಚಪ್ಪರದಲ್ಲೂ ಒಂದು ಕಡೆ ನೋಡಿ ಎಂದಿದ್ದಾರೆ. ಬೇರೆ ಯಾರ ಚಪ್ಪರ ಕೇಳಲಿ?

ನಿಮ್ಮ ಮೂರರಲ್ಲಿ ಚಿಕ್ಕ ಚಪ್ಪರವನ್ನು ಇದಕ್ಕೆ ಬಿಟ್ಟುಕೊಡಿ. ನಡುವೆ ನನ್ನ ಬೀಜದ ಸಾಲು, ಎರಡೂ ಬದಿಗೆ ನೀವು ಯಾವಾಗಲೂ ಹಾಕುವ ತಳಿ. ಆ ಚಪ್ಪರದೊಳಗೆ ಔಷಧಿ ಹೋಗಲೇಬಾರದು. ಬದಿಯ ಸಾಲುಗಳು ಸತ್ತರೆ ಸಾಯಲಿ. ಆಗಲೇ ಹೋಲಿಕೆ ಗೊತ್ತಾಗುವುದು. ಈ ಮಾತನ್ನು ಭಾವನಿಗೆ ಎರಡು ಸಲ ಹೇಳು.

ಕೊಳವೆ ನೀನು ಹಿಡಿಯುತ್ತಿದ್ದೀ ಎಂದು ಓದಿದ ದಿನದಿಂದ ನನಗೆ ಸಮಾಧಾನವಿಲ್ಲ. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುತ್ತೀಯಾ? ಇನ್ನು ಒಂದೆರಡು ವರ್ಷ ಅಕ್ಕಾ. ಆಮೇಲೆ ಬೇಕಾಗುವುದಿಲ್ಲ.

ಸೇಗೊ

•

ಕಾಮಿನೊಹಾಮಾ, 20 ಡಿಸೆಂಬರ್ 1962

ಸೇಗೊ,

ಹೊಸ ವರ್ಷದ ಮೋಚಿ ಕಡುಬಿಗೆ ಅಕ್ಕಿ ಕುಟ್ಟುವ ಮೊದಲು ಬರೆದುಬಿಡುತ್ತೇನೆ.

ನಿನ್ನ ಸಾಲು ಎದೆಯೆತ್ತರ ಬಂದಿದೆ. ಚಿಕ್ಕ ಚಪ್ಪರಕ್ಕೆ ನಿನ್ನ ಭಾವ ಹೊಸ ಪ್ಲಾಸ್ಟಿಕ್ಕೇ ಹೊದಿಸಿದರು. ಹಳೆಯದೇ ಸಾಕಿತ್ತು ಅಂದರೆ ಕೇಳಲಿಲ್ಲ. ಊರಿನವರು ಬಂದು ಬಂದು ನೋಡುತ್ತಾರೆ. "ಇದು ನಮ್ಮ ಸೇಗೊನ ಸಾಲು. ಕಾಲಿಡೋರು ನೋಡ್ಕೊಂಡು ಇಡಿ" ಎಂದು ಬಾಗಿಲಲ್ಲೇ ನಿಂತಿರುತ್ತಾರೆ. ಮಾಸುಯೊ ಗಂಡ, "ಅಲ್ಲಾ ತಾಮೆಕಿಚಿ, ಔಷಧಿ ಇಲ್ದೆ ಬದನೆ ನಿಲ್ಲುತ್ತಾ? ಫೆಬ್ರವರಿಗೆ ನಿನ್ನ ಬಾಮೈದನ ಕಾಯೆಲ್ಲ ಕಾಗದದಲ್ಲೇ ಉಳಿಯುತ್ತೆ ನೋಡು" ಅಂದ. ನಿನ್ನ ಭಾವ ತಾವೇ ದಿನಾ ಆಡುವ ಮಾತು ಅದು. ಬೇರೆಯವನ ಬಾಯಲ್ಲಿ ಬಂದಾಗ ಮುಖ ಕೆಂಪಾಯಿತು. ಮೂರು ದಿನ ಅವನ ಜೊತೆ ಮಾತಿಲ್ಲ.

ಈಗ ಇದ್ದಿದ್ದು ಇದ್ದ ಹಾಗೆ ಬರೆಯುತ್ತೇನೆ. ಬದಿಯ ಸಾಲುಗಳಿಗೆ ನುಸಿ ಬಂದಿದೆ, ಎಲೆ ಬಿಳಿಚಿದೆ. ನಿನ್ನ ಸಾಲಿನಲ್ಲೂ ಕೆಳಗಿನ ಎಲೆಗಳಲ್ಲಿ ಅಲ್ಲಲ್ಲಿ ಚುಕ್ಕೆ ಕಂಡೆ. ಎಲೆ ತಿರುಗಿಸಿದರೆ ಹಿಂದೆ ಅವೇ, ಕೆಂಪಗೆ. ಬೀಳುತ್ತಿರಲಿಲ್ಲ, ಕೂತಿದ್ದವು. ಕಿತ್ತು ನಿನ್ನ ಭಾವನಿಗೆ ತೋರಿಸಿದೆ. ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ಮಡಿಸಿ ಜೇಬಿಗೆ ಹಾಕಿಕೊಂಡರು.

ಇದು ಹೀಗೇ ಇರುವುದೋ? ಹೇಳು.

ಅಕ್ಕ

•

ತ್ಸು, 8 ಜನವರಿ 1963

ಅಕ್ಕಾ,

ನೀನು ಹೆದರಿಸಿಬಿಟ್ಟೆ. ಒಂದೆರಡು ಚುಕ್ಕೆ ಬಂದೇ ಬರುತ್ತದೆ. ನುಸಿ ಮೆಟ್ಟದು ಎಂದರೆ ಒಂದೂ ಬಾರದು ಎಂದಲ್ಲ. ಬಂದರೂ ಗುಂಪು ಕಟ್ಟದು ಎಂದು ಅರ್ಥ. ಭಾವನಿಗೆ ಇದನ್ನು ಬಿಡಿಸಿ ಹೇಳು, ಸುಮ್ಮನೆ ಮನಸ್ಸಿಗೆ ಹಚ್ಚಿಕೊಳ್ಳುವುದು ಬೇಡ. ಈ ತಿಂಗಳು ದಾಟಲಿ. ನಿಲ್ಲುವುದೋ ಇಲ್ಲವೋ ಆಗ ತಿಳಿಯುತ್ತದೆ.

ಕೇಂದ್ರದ ಸಾಲಿನ ವಿಷಯ ಕೇಳಬೇಡ. ಬಿಸಿನೀರಿನ ಕೊಳವೆ ಕೆಟ್ಟು ಇಲ್ಲಿ ಎಲ್ಲವೂ ಅಸ್ತವ್ಯಸ್ತ. ಗಾಜಿನ ಮನೆಯ ಬೆಳೆ ಬೇರೆ, ರೈತನ ಚಪ್ಪರದ ಬೆಳೆ ಬೇರೆ. ನನಗೆ ನಿನ್ನ ಸಾಲಿನ ಮೇಲೇ ಭರವಸೆ.

ಮುಂದಿನ ತಿಂಗಳು ನಡುವಿನ ಸಾಲಿನಿಂದಲೂ ಬದಿಯ ಸಾಲುಗಳಿಂದಲೂ ಎಲೆ ಕಿತ್ತು, ಬೇರೆ ಬೇರೆ ಕಾಗದದಲ್ಲಿ ಮಡಿಸಿ ಕಳಿಸು. ಮುಖ್ಯಸ್ಥರ ಮೇಜಿನ ಮೇಲೆ ಹರಡಿ ತೋರಿಸಬೇಕು.

ಸೇಗೊ

•

ಕಾಮಿನೊಹಾಮಾ, 17 ಫೆಬ್ರವರಿ 1963

ಸೇಗೊ, ಸೇಗೊ!

ನೀನು ಹೇಳಿದ್ದೇ ನಿಜ. ಆ ಚುಕ್ಕೆಗಳು ಹೆಚ್ಚಲಿಲ್ಲ. ಹೊಸ ಎಲೆಗಳೆಲ್ಲ ಹಸಿರೆಂದರೆ ಹಸಿರು. ಬದಿಯ ಸಾಲುಗಳು ಬಲೆ ಹೊದ್ದುಕೊಂಡು ಹುಲ್ಲಿನ ಬಣ್ಣಕ್ಕೆ ಬಂದಿವೆ, ಮುಟ್ಟಿದರೆ ಪುಡಿ. ಅವುಗಳ ನಡುವೆ ನಿನ್ನ ಸಾಲು ನೀಲಿ ಕಾಯಿ ಹೊತ್ತು ನಿಂತಿದೆ. ಮಾಸುಯೊ ಗಂಡ ಬಂದು ನೋಡಿ, ತಲೆಗೆ ಕಟ್ಟಿದ ಟವೆಲ್ಲು ಬಿಚ್ಚಿ, "ತಪ್ಪಾಯ್ತು ಮಾರಾಯಾ, ಬಾಮೈದನ ಕೇಳಿ ನಂಗೂ ಒಂದು ಹಿಡಿ ಬೀಜ ತರಿಸ್ಕೊಡು" ಅಂದ. ಅವತ್ತು ನಿನ್ನ ಭಾವನ ಮುಖ ನೀನು ನೋಡಬೇಕಿತ್ತು. ನೀನು ಪರೀಕ್ಷೆ ಪಾಸಾದಾಗಲೂ ಹೀಗೆ ನಕ್ಕಿರಲಿಲ್ಲ.

ಎಲೆ ಕಳಿಸಿದ್ದೇನೆ. ನಡುವಿನ ಸಾಲಿನದನ್ನು ಭಾವನೇ ಆರಿಸಿ, ಒಂದೊಂದನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ ಮಡಿಸಿದರು. ಧೂಳು ಕಂಡರೆ ಸರ್ಕಾರದವರು ಏನಂದುಕೊಂಡಾರು ಅಂದರು.

ಅವರು ಬದಲಾಗಿದ್ದಾರೆ ಕಣೋ. ಮೊದಲೆಲ್ಲ ಎಬ್ಬಿಸಿದರೂ ಏಳುತ್ತಿರಲಿಲ್ಲ. ಈಗ ಬೆಳಕು ಹರಿಯುವ ಮೊದಲೇ ಎದ್ದು ಚಿಕ್ಕ ಚಪ್ಪರಕ್ಕೆ ಹೋಗುತ್ತಾರೆ. "ಅಲ್ಲೇನು ಇಟ್ಟುಕೊಂಡವಳು ಇದಾಳಾ?" ಎಂದು ಕೇಳಿದೆ. "ಹೂಂ, ತರಿತರಿ ಮೈಯವಳು" ಅಂದರು. ಒಳಗಿನ ಬಿಸಿ ಹೋಗಬಾರದೆಂದು ಬಾಗಿಲು ಎಳೆದುಕೊಂಡು ಕೂತಿರುತ್ತಾರಂತೆ. ಬಂದ ಮೇಲೆ ಮಾತ್ರ ತಲೆನೋವು ಎಂದು ಗಂಜಿ ಕೂಡ ಕುಡಿಯುವುದಿಲ್ಲ. ಕಣ್ಣು ಮಂಜು ಅನ್ನುತ್ತಾರೆ. ಕನ್ನಡಕ ಮಾಡಿಸಬೇಕು.

ನನಗೊಂದು ರೇಗುವ ವಿಷಯವೆಂದರೆ, ಔಷಧಿ ಹೊಡೆಯುವವಳು ನಾನು, ವಾಸನೆ ಅವರ ಅಂಗಿಯಲ್ಲಿ. ಎಲ್ಲ ಒಂದೇ ತೊಟ್ಟಿಯಲ್ಲಿ ನೆನೆಹಾಕಬೇಡ ಎಂದು ಫುಸಾಗೆ ಎಷ್ಟು ಹೇಳಿದರೂ ಅಷ್ಟೇ.

ಬೇಗ ಬಂದು ನಿನ್ನ ಸಾಲು ನೋಡು.

ಅಕ್ಕ

•

ಕಾಮಿನೊಹಾಮಾ, 13 ಮಾರ್ಚ್ 1963

ಸೇಗೊ,

ನಿನ್ನ ಭಾವ ತೀರಿಹೋದರು. ಹತ್ತನೆಯ ತಾರೀಖು ಬೆಳಿಗ್ಗೆ. ಹೃದಯ ನಿಂತಿತು ಎಂದು ಡಾಕ್ಟರು ಬರೆದುಕೊಟ್ಟರು. ದಹನ ಮುಗಿಯಿತು. ಎಲ್ಲರೂ ಬಂದಿದ್ದರು, ಯಾವುದಕ್ಕೂ ಕೊರತೆಯಾಗಲಿಲ್ಲ.

ನೀನು ಈಗ ಬರುವುದು ಬೇಡ. ರೈಲು, ದೋಣಿ, ಮತ್ತೆ ರೈಲು, ನಿನಗೂ ಕೆಲಸದ ಕಾಲ. ನಾವು ಹೇಗೋ ಇದ್ದೇವೆ.

ನಿನ್ನ ಸಾಲು ಹಸಿರಾಗಿದೆ.

ಶಿಗೆನೊ

•

ತ್ಸು, 28 ಏಪ್ರಿಲ್ 1963

ಅಕ್ಕಾ,

ಮೂರು ಕಾಗದ ಬರೆದೆ. ಒಂದಕ್ಕೂ ನೀನೇ ಬರೆದ ಉತ್ತರವಿಲ್ಲ. ನಿನ್ನ ಕೈ ಬರೆಯಲು ಏಳುತ್ತಿಲ್ಲ ಎಂದು ತಿಳಿಯಬಲ್ಲೆ. ಆದರೂ ಒಂದು ತಂತಿ ಕೊಡಬಾರದಿತ್ತೇ? ಅಪ್ಪ ಅಮ್ಮ ತೀರಿಹೋದ ವರ್ಷ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗಿ ಹೈಸ್ಕೂಲಿಗೆ ಸೇರಿಸಿದವರು ಅವರು. ದಾರಿಯುದ್ದಕ್ಕೂ "ಬೀಳ್ತೀಯಾ, ಗಟ್ಟಿಯಾಗಿ ಹಿಡ್ಕೋ" ಅನ್ನುತ್ತಿದ್ದರು. ಅವರ ಮೂಳೆ ಆರಿಸಲು ನಾನಿರಲಿಲ್ಲ. ನಲವತ್ತೊಂಬತ್ತನೆಯ ದಿನಕ್ಕೂ ಬರಬೇಡ ಎಂದು ಫುಸಾ ಕೈಲಿ ಬರೆಸಿದೆ. ನಾನೇನು ತಪ್ಪು ಮಾಡಿದೆ ಹೇಳು.

ಸಿಟ್ಟು ಸಾಕು. ನಿನಗೆ ಸ್ವಲ್ಪವಾದರೂ ಸಮಾಧಾನವಾಗುವ ಸುದ್ದಿ ಹೇಳುತ್ತೇನೆ.

ನಮ್ಮ ಮುಖ್ಯಸ್ಥರಿಗೆ ಈ ತಳಿಯ ಮೇಲೆ ಅನುಮಾನವಿತ್ತು. ನಾನು ನಿನ್ನ ಕಾಗದಗಳನ್ನೂ ಎಲೆಗಳನ್ನೂ ಅವರ ಮುಂದಿಟ್ಟೆ. ಓದಿ ಮುಗಿಸಿ, "ನಿಮ್ಮಕ್ಕ ಕಂಡಿದ್ದನ್ನ ಕಂಡ ಹಾಗೆ ಬರೀತಾರೆ. ಚುಕ್ಕೆ ಬಂದಿದ್ದನ್ನೂ ಮುಚ್ಚಿಟ್ಟಿಲ್ಲ" ಅಂದರು. ಈ ಶರತ್ಕಾಲಕ್ಕೆ ಕರಾವಳಿಯ ಹಲವು ಊರುಗಳಿಗೆ ಬೀಜ ಕೊಡುವುದೆಂದು ತೀರ್ಮಾನವಾಗಿದೆ. ತಳಿಗೆ ಹೆಸರು ಬೇಕಂತೆ. "ತಾಮೆ" ಎಂದಿಡುವ ಎಂದಿದ್ದೇನೆ. ಯಾರ ಹೆಸರು ಎಂದು ಕೇಳಿದರು. ನನ್ನನ್ನು ಓದಿಸಿದವರದು ಅಂದೆ.

ಆಗಸ್ಟಿನಲ್ಲಿ ಬಾನ್ ಹಬ್ಬ, ತೀರಿಕೊಂಡ ಮೇಲೆ ಭಾವ ಮೊದಲ ಸಲ ಮನೆಗೆ ಬರುವ ದಿನ. ಯಾರು ಬೇಡವೆಂದರೂ ಬರುತ್ತೇನೆ.

ಸೇಗೊ

•

ಕಾಮಿನೊಹಾಮಾ, 2 ಜೂನ್ 1963

ಸೇಗೊ,

ಇದನ್ನು ಬರೆಯಲು ಒಂದು ತಿಂಗಳಿಂದ ಕೂರುತ್ತಿದ್ದೇನೆ, ಏಳುತ್ತಿದ್ದೇನೆ. ಕೂತು ಓದು. ಯಾರೆದುರೂ ಓದಬೇಡ.

ಆ ಬೆಳಿಗ್ಗೆ ಗಂಜಿ ಆರಿತು, ಅವರು ಬರಲಿಲ್ಲ. ಕರೆಯಲು ಹೋದೆ. ಚಿಕ್ಕ ಚಪ್ಪರದ ಬಾಗಿಲು ಒಳಗಿನಿಂದ ಹಗ್ಗ ಹಾಕಿ ಕಟ್ಟಿತ್ತು. ಪ್ಲಾಸ್ಟಿಕ್ಕಿನ ಒಳಬದಿ ತುಂಬ ಹನಿ, ಏನೂ ಕಾಣುತ್ತಿರಲಿಲ್ಲ. ಕುಡುಗೋಲಿನಿಂದ ಹರಿದು ಒಳಗೆ ಹೋದೆ. ಆ ಗಾಳಿ ಮುಖಕ್ಕೆ ಬಡಿದಾಗಲೇ ನನಗೆ ಎಲ್ಲ ತಿಳಿಯಿತು. ನಿನ್ನ ಸಾಲಿನ ಬುಡದಲ್ಲಿ ಬಿದ್ದಿದ್ದರು. ಪಕ್ಕದಲ್ಲಿ ಕೈಪಂಪು. ಮೂಗಿಗೆ ಒಂದು ಬಟ್ಟೆಯೂ ಇಲ್ಲ. ಬಾಯಿಂದ ನೊರೆ, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು. ಇನ್ನೂ ಜೀವ ಇತ್ತು. ತಲೆ ತೊಡೆಯ ಮೇಲಿಟ್ಟುಕೊಂಡೆ. ನನ್ನ ಗುರುತು ಹಿಡಿದರು. "ಸಾಲು ಹಸಿರಾಗಿದೆ ಅಂತ ಬರಿ" ಅಂದರು. ಆಮೇಲೆ ನಾಲಿಗೆ ಹೊರಳಲಿಲ್ಲ. ಮಾಸುಯೊ ಗಂಡ ಡಾಕ್ಟರನ್ನು ಕರೆತರುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಅದಕ್ಕೇ ಬರೆದೆ, ಸಾಲು ಹಸಿರಾಗಿದೆ ಎಂದು. ಅವರು ಬರೆಸಿದ್ದು ಅದು. ತಂತಿ ಕೊಟ್ಟಿದ್ದರೆ ನೀನು ಬರುತ್ತಿದ್ದೆ. ಬಂದರೆ ಮೊದಲು ಅಲ್ಲಿಗೇ ಹೋಗುತ್ತಿದ್ದೆ. ಎಲೆಯ ಮೇಲೆ ಒಣಗಿದ ಔಷಧಿಯ ಬಿಳಿ ಕಲೆ ನಿನ್ನ ಕಣ್ಣು ತಪ್ಪುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಬಿದ್ದಾಗಲೂ ಅದು ಸಾಕೆಯ ಅಮಲಲ್ಲ. ಔಷಧಿಯೇ. ಸೂಜಿ ಚುಚ್ಚಿ ಚುಚ್ಚಿ ಉಳಿಸಿಕೊಂಡೆವು. "ಇನ್ನೊಂದು ಸಲ ಇದನ್ನ ಮುಟ್ಟಿದ್ರೆ ನನ್ನ ಹತ್ರ ಕರ್ಕೊಂಡು ಬರಬೇಡಿ" ಅಂದಿದ್ದರು ಡಾಕ್ಟರು. ನಿನಗೆ ಹೇಳಿದರೆ ಕೆಲಸ ಬಿಟ್ಟು ಓಡಿಬರುತ್ತೀ ಎಂದು ಹೇಳಲಿಲ್ಲ.

ಫುಸಾ ದಹನ ಮುಗಿದ ರಾತ್ರಿ ಹೇಳಿದಳು. ಜನವರಿಯಲ್ಲಿ ಒಂದು ದಿನ ಅಪ್ಪನನ್ನು ಕೈಪಂಪಿನ ಜೊತೆ ನೋಡಿದಳಂತೆ. ಅವಳನ್ನು ಹತ್ತಿರ ಕೂರಿಸಿಕೊಂಡು, "ಎಳೇ ಗಿಡ ಮಗಾ. ಮೊದಲು ಒಂದು ಸ್ವಲ್ಪ ಕೈ ಹಿಡಿದು ನಿಲ್ಲಿಸಿದ್ರೆ ಆಮೇಲೆ ತಾನೇ ನಿಲ್ಲುತ್ತೆ. ನಿಮ್ಮ ಮಾವ ಅಷ್ಟು ಕಷ್ಟಪಟ್ಟಿದ್ದಾನೆ, ಊರೋರು ನಗಬಾರ್ದು. ಅಮ್ಮಂಗೆ ಹೇಳ್ಬೇಡ" ಅಂದರಂತೆ. ಅದನ್ನು ಹೇಳಿದ ಮೇಲೆ ನಮ್ಮ ಫುಸಾ ಬೇರೆ ಮಾತೇ ಆಡುತ್ತಿಲ್ಲ. ಕರೆದರೆ ಬರುತ್ತಾಳೆ, ಹೇಳಿದ ಕೆಲಸ ಮಾಡುತ್ತಾಳೆ.

ನಾನೂ ಏನೂ ತಿಳಿಯದವಳಲ್ಲ. ಅಂಗಿಯ ವಾಸನೆ, ತಲೆನೋವು, ಮಂಜು ಕಣ್ಣು. ಎರಡು ವರ್ಷ ಕೊಳವೆ ಹಿಡಿದವಳಿಗೆ ಅದು ಏನೆಂದು ಗೊತ್ತಾಗದೇ ಇರುತ್ತದೆಯೇ? ಸಾಲು ಹಸಿರಾಗಿತ್ತು, ಮನೆಯಲ್ಲಿ ನಗು ಇತ್ತು. ನನಗೆ ಗೊತ್ತಾಗುವುದು ಬೇಕಿರಲಿಲ್ಲ.

ಸಾವಿನ ಮನೆ ಗದ್ದಲದಲ್ಲಿ ಎರಡು ವಾರ ಆ ಕಡೆ ಹೋಗಲಿಲ್ಲ. ಆಮೇಲೆ ನೋಡಿದರೆ ನಿನ್ನ ಸಾಲು ಬದಿಯ ಸಾಲುಗಳಿಗಿಂತ ಬೇಗ ಒಣಗಿತ್ತು. ತುದಿಯವರೆಗೂ ಬಲೆ.

ಆ ಬೀಜವನ್ನು ಯಾರಿಗೂ ಕೊಡಬೇಡ ಸೇಗೊ. ನಂಬಿ ಔಷಧಿ ಬಿಟ್ಟವರು ಬೆಳೆ ಕಳೆದುಕೊಳ್ಳುತ್ತಾರೆ, ಆಮೇಲೆ ಹೆದರಿ ಎರಡರಷ್ಟು ಹೊಡೆಯುತ್ತಾರೆ. ನಿನ್ನ ಭಾವನ ಹೆಸರನ್ನು ಅದಕ್ಕೆ ಇಡಬೇಡ.

ಅಕ್ಕ

•

ತ್ಸು, 22 ಸೆಪ್ಟೆಂಬರ್ 1963

ಅಕ್ಕಾ,

ಬಾನ್ ಹಬ್ಬಕ್ಕೆ ಹೊರಟಿದ್ದೆ. ತಕಾಮಾತ್ಸು ದೋಣಿಕಟ್ಟೆಯವರೆಗೆ ಬಂದೆ. ಅಲ್ಲಿಂದ ತಿರುಗಿ ಹೋದೆ. ಅವರ ಚಿತ್ರದ ಮುಂದೆ ಊದುಬತ್ತಿ ಹಚ್ಚಿ ಏನು ಹೇಳಲಿ?

ನಿನ್ನ ಕಾಗದ ಬಂದ ಮರುದಿನವೇ ಮುಖ್ಯಸ್ಥರಿಗೆ ಎಲ್ಲ ಹೇಳಿದೆ. ಬೀಜ ಹೊರಗೆ ಹೋಗಲಿಲ್ಲ. ಅಷ್ಟಾದರೂ ಆಯಿತು. ಅವರು ಬೈಯಲಿಲ್ಲ. "ಇಲ್ಲಿಯ ಸಾಲು ಜನವರಿಯಲ್ಲೇ ಬಲೆ ಕಟ್ಟಿತ್ತಲ್ಲಯ್ಯಾ" ಎಂದಷ್ಟೇ ಹೇಳಿ ಕಿಟಕಿಯ ಕಡೆ ನೋಡಿದರು.

ಹೌದು ಅಕ್ಕಾ. ನೀನು ಚುಕ್ಕೆ ಬಂದಿದೆ ಎಂದು ಬರೆದ ಕಾಗದ ನನ್ನ ಕೈ ಸೇರುವಾಗ ಇಲ್ಲಿಯ ಸಾಲು ಬಿಳಿಚಿತ್ತು. ಬಿಸಿನೀರಿನ ಕೊಳವೆ ಕೆಟ್ಟಿದ್ದು ನಿಜ. ಒಣಗಿದ್ದು ಅದರಿಂದಲ್ಲ ಎಂಬುದು ನನಗೆ ಗೊತ್ತಿತ್ತು. ಆಗಲೇ ನಿನಗೆ "ಸಾಲು ಕಿತ್ತುಹಾಕು, ಇದು ನಿಲ್ಲುವುದಿಲ್ಲ" ಎಂದು ಬರೆದಿದ್ದರೆ ಭಾವ ಬೈದುಕೊಂಡು ಕೀಳುತ್ತಿದ್ದರು, ಪುಸ್ತಕದ ಬದನೆಕಾಯಿ ಎಂದು ಒಂದು ವಾರ ನಗುತ್ತಿದ್ದರು. ಬರೆಯಲಿಲ್ಲ. ನಿನ್ನ ಸಾಲಾದರೂ ನಿಲ್ಲಲಿ ಎಂದು ಕಾದೆ. ನಿಂತಿದೆ ಎಂದು ನೀನು ಬರೆದಾಗ, ಹೇಗೆ ನಿಂತಿತು ಎಂದು ನಾನು ಕೇಳಲಿಲ್ಲ. ಒರೆಸಿದ ಎಲೆ ಕಳಿಸಿದರೂ ಕೇಳಲಿಲ್ಲ.

ಬೆಟ್ಟದ ತಳಿಯೂ ಉಳಿಯಲಿಲ್ಲ. ಅದರ ಮೇಲೆಯೇ ಸಾಕುತ್ತ ಬಂದರೆ, ಕೆಲವು ಪೀಳಿಗೆಗೆ ನುಸಿ ಆ ತರಿ ಎಲೆಯ ಮೇಲೂ ಕಾಲೂರಲು ಕಲಿತುಬಿಡುತ್ತದೆ. ಈಗ ಒಂದೂ ಬೀಳುವುದಿಲ್ಲ. ಈ ವರ್ಷ ತರಿಸಿದ ಹೊಸ ತಳಿಗಳನ್ನೂ ಹೋಲಿಸಿ ಮುಗಿಸಿದೆ. ನಿಲ್ಲುವುದು ಯಾವುದೂ ಇಲ್ಲ. ಹಾಗೆಂದೇ ವರದಿ ಬರೆದುಕೊಟ್ಟೆ. ನನ್ನನ್ನು ಬೀಜದ ಉಗ್ರಾಣಕ್ಕೆ ಹಾಕಿದ್ದಾರೆ. ತಣ್ಣನೆಯ ಕೋಣೆ, ಕೆಲಸ ಹೆಚ್ಚಿಲ್ಲ.

ನಾನು ಊರಿಗೆ ಬಂದುಬಿಡುತ್ತೇನೆ. ಔಷಧಿ ಹೊಡೆಯುವ ಕೆಲಸ ನನಗಿರಲಿ. ನೀನೂ ಫುಸಾನೂ ಆ ಚಪ್ಪರದೊಳಗೆ ಹೋಗಬೇಡಿ. ಹೂಂ ಅನ್ನು ಸಾಕು.

ಸೇಗೊ

•

ಕಾಮಿನೊಹಾಮಾ, 16 ನವೆಂಬರ್ 1963

ಸೇಗೊ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಕೊಯ್ಲು ಶುರುವಾಗಿದೆ.

ನೀನು ಬರಬೇಡ. ಸಿಟ್ಟಿನಿಂದ ಹೇಳುತ್ತಿಲ್ಲ. ಸಿಟ್ಟು ಯಾರ ಮೇಲೆ ಮಾಡಿಕೊಳ್ಳಲಿ? ನೀನು ಬಂದು ಆ ಕೊಳವೆ ಹಿಡಿದು ಒಳಗೆ ಹೋದರೆ ನಾನು ಹೊರಗೆ ನಿಂತಿರಲಾರೆ. ಒಬ್ಬರಿಗಾಗಿ ಒಬ್ಬರು ಒಳಗೆ ಹೋಗಿದ್ದು ಸಾಕು. ಅದೂ ಅಲ್ಲದೆ, ನಿನ್ನ ಮುಖ ನೋಡಲು ನನಗಿನ್ನೂ ಆಗುವುದಿಲ್ಲ. ನೋಡಿದರೆ ಅವರು ಏಕೆ ಹೋದರು ಎಂಬುದೇ ಎದುರು ಬಂದು ನಿಲ್ಲುತ್ತದೆ. ಮುಂದೆ ಯಾವಾಗಲಾದರೂ ಆಗಬಹುದು. ಆಗದೆಯೂ ಇರಬಹುದು.

ಬೀಜ ಏನೂ ಕಳಿಸಬೇಡ. ಒಳ್ಳೆಯ ತಳಿ ಸಿಕ್ಕಿತು ಎಂದು ಬರೆಯಲೂ ಬೇಡ. ಚಿಕ್ಕ ಚಪ್ಪರದಲ್ಲೂ ಮೊದಲಿನ ಬದನೆಯನ್ನೇ ಹಾಕಿದ್ದೇವೆ. ಬದನೆ ಬಿಟ್ಟರೆ ನಮ್ಮ ಈ ಮರಳು ನೆಲದಲ್ಲಿ ಚಳಿಗಾಲಕ್ಕೆ ಬೇರೇನು ಬರುತ್ತದೆ? ನುಸಿಯೂ ಬಂದಿದೆ. ಹಳೆಯ ಔಷಧಿಗೆ ಅವು ಜಗ್ಗುತ್ತಿಲ್ಲ ಎಂದು ಸಹಕಾರ ಸಂಘದವರು ಈ ವರ್ಷ ಇನ್ನೂ ಖಾರದ್ದು ತರಿಸಿದ್ದಾರೆ.

ಮಾಸುಯೊ ಗಂಡನಿಗೂ ಕೈ ನಡುಗಲು ಶುರುವಾಗಿದೆ. ಹಾಗಾಗಿ ಔಷಧಿ ಹೊಡೆಯುವ ದಿನ ಈ ಸಾಲಿನ ಚಪ್ಪರಗಳಲ್ಲಿ ಈಗ ನಾವು ಹೆಂಗಸರೇ. ಒಂದು ಕ್ರಮ ಮಾಡಿಕೊಂಡಿದ್ದೇವೆ. ಒಬ್ಬಳು ಒಳಗೆ ಹೋದರೆ ಅವಳ ಮನೆಯವರು ಒಬ್ಬರು ಹೊರಗೆ ನಿಂತು ಆಗಾಗ ಕೂಗುತ್ತಿರಬೇಕು. ಒಳಗಿನವಳು "ಓ" ಅನ್ನಬೇಕು. ಓ ಬರಲಿಲ್ಲವೆಂದರೆ ಪ್ಲಾಸ್ಟಿಕ್ಕು ಹರಿದು ಎಳೆದು ತರುವುದು.

ಹೋದ ವಾರ ನನಗಾಗಿ ಫುಸಾ ನಿಂತಿದ್ದಳು. ಮಾತು ಬಿಟ್ಟಿರುವ ಹುಡುಗಿ, ಕೂಗುತ್ತಾಳೋ ಇಲ್ಲವೋ ಎಂದು ನನಗೆ ಭಯವಿತ್ತು. ಕೂಗಿದಳು. "ಅಮ್ಮಾ" ಎಂದು, ಎಷ್ಟು ಜೋರಾಗಿ ಎಂದರೆ ನನ್ನ ಕೈಯ ಕೊಳವೆ ಜಾರಿತು. ಅದೇ ಹೊತ್ತಿಗೆ ಪಕ್ಕದ ಚಪ್ಪರದೊಳಗಿನಿಂದ ಮಾಸುಯೊ "ಓ" ಅಂದಳು. ತನ್ನ ಮಗಳೇ ಕರೆದಳು ಎಂದುಕೊಂಡಿದ್ದಾಳೆ. ನಾನು ಬಿದ್ದಿದ್ದರೂ ಫುಸಾ ಅದನ್ನು ನನ್ನ ಓ ಎಂದೇ ತಿಳಿಯುತ್ತಿದ್ದಳು.

ನಾಳೆ ಮತ್ತೆ ಹೊಡೆಯುವ ದಿನ. ಅಮ್ಮಾ ಅನ್ನಬೇಡ, ಶಿಗೆನೊ ಎಂದು ಹೆಸರು ಹಿಡಿದು ಕೂಗು ಎಂದು ಅವಳಿಗೆ ಹೇಳಿಕೊಟ್ಟಿದ್ದೇನೆ. ಸಂಜೆಯಿಂದ ಹಿತ್ತಲಲ್ಲಿ ನಿಂತು ಅಭ್ಯಾಸ ಮಾಡುತ್ತಿದ್ದಾಳೆ.

ಅಕ್ಕ